ವಿಳಾಸದೊಳಗಣ ಕನ್ನಡ

ಊರು ಬಿಟ್ಟು ಬಂದವರಿಗೆ ಮೊದಲು ಬೇಕಾದದ್ದು ತಲೆಯ ಮೇಲೊಂದು ಸೂರು. ಎರಡನೆಯದು ಆ ಸೂರಿಗೊಂದು ವಿಳಾಸ. ವಿಳಾಸವಿಲ್ಲದ ಮನೆಗೆ ತಾಯಿಯ ಕಾಗದ ಬಾರದು, ತೌರಿನ ಹಪ್ಪಳ-ಸಂಡಿಗೆಯ ಕಟ್ಟು ಬಾರದು, ಮಗಳ ಮದುವೆಯ ಲಗ್ನಪತ್ರಿಕೆಗೆ ಉತ್ತರವೂ ಬಾರದು. ಬ್ಯಾಂಕು, ವಿಮಾ ಕಚೇರಿಗಳಿಗೆ ವರ್ಗವಾಗಿ ಬಂದವರು, ಕಾರ್ಖಾನೆಗಳಿಗೆ ಸೇರಿದವರು, ಹೋಟೆಲು ಇಟ್ಟು ಬದುಕು ಕಟ್ಟಿಕೊಂಡವರು, ವಿಜ್ಞಾನ ಸಂಸ್ಥೆಗಳಲ್ಲಿ ದುಡಿದವರು — ಅಹಮದಾಬಾದು, ವಡೋದರಾ, ಸೂರತ್ತುಗಳ ಕನ್ನಡಿಗರಾದ ನಾವೆಲ್ಲರೂ ಇದನ್ನು ಅನುಭವದಿಂದ ಬಲ್ಲೆವು. ಆದರೆ ಆ ವಿಳಾಸವನ್ನು ಯಾವ ಅಕ್ಷರಗಳಲ್ಲಿ ಬರೆಯಬೇಕು, ನಡುವಣ ಕೈಗಳು ಅದನ್ನು ಹೇಗೆ ಓದುತ್ತವೆ ಎಂಬುದಕ್ಕೂ ಒಂದು ಇತಿಹಾಸ ಉಂಟು. ತಾಮ್ರಪಟದಿಂದ ಹಿಡಿದು ಇಂದಿನ ಜಾಲವಿಳಾಸದವರೆಗೆ ಹರಿದು ಬಂದಿರುವ ಆ ಇತಿಹಾಸವನ್ನು ಈ ರಾಜ್ಯೋತ್ಸವದ ಸಂದರ್ಭದಲ್ಲಿ ಸ್ಥೂಲವಾಗಿ ನೋಡುವುದು ಅಪ್ರಸ್ತುತವಾಗಲಾರದು.

ನಾವು ಈ ನಾಡಿಗೆ ಬಂದ ಮೊದಲ ಕನ್ನಡಿಗರಲ್ಲ. ಸೂರತ್ತು, ಭರೂಚಗಳ ಸುತ್ತಣ ಸೀಮೆಗೆ ಹಿಂದೆ ಲಾಟವೆಂದು ಹೆಸರಿತ್ತು. ಮಾನ್ಯಖೇಟದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟರ ಕಿರಿಯ ಶಾಖೆಯೊಂದು ಅಲ್ಲಿ ಆಳುತ್ತಿತ್ತು. ಮೂರನೆಯ ಗೋವಿಂದನು ಲಾಟವನ್ನು ತನ್ನ ತಮ್ಮ ಇಂದ್ರನಿಗೆ ವಹಿಸಿದನು. ಇಂದ್ರನ ಮಗನೇ ಸುವರ್ಣವರ್ಷನೆಂಬ ಬಿರುದಿನ ಕರ್ಕ. ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಅಮೋಘವರ್ಷ ನೃಪತುಂಗನಿಗೆ ಕಷ್ಟಕಾಲದಲ್ಲಿ ಹೆಗಲು ಕೊಟ್ಟವನು ಇವನೇ ಎಂಬುದು ಕ್ರಿ. ಶ. ೮೨೧ರ ಸೂರತ್ ತಾಮ್ರಶಾಸನದಿಂದ ತಿಳಿಯುತ್ತದೆ. ಅದಕ್ಕೂ ಮುಂಚೆ, ಶಕವರ್ಷ ೭೩೪ರಲ್ಲಿ, ಎಂದರೆ ಕ್ರಿ. ಶ. ೮೧೨ರ ಸುಮಾರಿಗೆ, ಇದೇ ಕರ್ಕನು ಒಬ್ಬ ಬ್ರಾಹ್ಮಣನಿಗೆ ವಟಪದ್ರಕವೆಂಬ ಹಳ್ಳಿಯನ್ನು ದತ್ತಿ ಬಿಟ್ಟನು. ಆ ವಟಪದ್ರಕವೇ ಇಂದಿನ ವಡೋದರಾ. ಹಳ್ಳಿಯನ್ನು ಗುರುತಿಸುವ ಬಗೆಯನ್ನು ನೋಡಿ: ಅಂಕೋಟ್ಟಕ ಎಂಬತ್ತನಾಲ್ಕರಲ್ಲಿ ಸೇರಿದ ವಟಪದ್ರಕ, ಅದರ ನಾಲ್ಕು ದಿಕ್ಕಿನ ಎಲ್ಲೆಗಳು ಇಂತಿಂಥವು. ಅಂಕೋಟ್ಟಕವು ಈಗ ನಮ್ಮವರು ಅನೇಕರು ವಾಸವಾಗಿರುವ ಅಕೋಟಾ ಬಡಾವಣೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಬರುವ ಈ ಕ್ರಮ ವಿಳಾಸವಲ್ಲದೆ ಮತ್ತೇನು?

ಇಲ್ಲಿ ಇನ್ನೊಂದು ಸೋಜಿಗ ಉಂಟು. ಲಾಟದ ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ಕೆಲವಕ್ಕೆ ಅರಸನು ಹಾಕಿದ ಒಪ್ಪವು ದಕ್ಷಿಣದ ಹಳಗನ್ನಡ ಲಿಪಿಯಲ್ಲಿದೆ ಎಂಬುದರತ್ತ ಇತಿಹಾಸಜ್ಞ ಅನಂತ ಸದಾಶಿವ ಅಳ್ತೇಕರರು ಗಮನ ಸೆಳೆದರು. ಶಾಸನದ ಒಡಲು ನೆಲದವರು ಓದಬೇಕಾದದ್ದು, ಒಪ್ಪವು ತನ್ನದು. ನಡುವಣ ಕೈಗಳಿಗೆ ಒಂದು ಲಿಪಿ, ಮನೆಯ ಕೈಗೆ ಇನ್ನೊಂದು ಲಿಪಿ. ಸಾವಿರದ ಇನ್ನೂರು ವರ್ಷಗಳಾದ ಮೇಲೆ ನಾವು ಮಾಡುತ್ತ ಬಂದಿರುವುದೂ ಹೆಚ್ಚುಕಡಿಮೆ ಇದನ್ನೇ.

೧೯೫೬ರ ಅಕ್ಟೋಬರ್ ಕೊನೆಯವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಅಹಮದಾಬಾದು, ಸೂರತ್ತುಗಳೂ ಮುಂಬಯಿ ಎಂಬ ಒಂದೇ ರಾಜ್ಯದಲ್ಲಿದ್ದವು. ಬರೋಡ ಸಂಸ್ಥಾನವು ೧೯೪೯ರಲ್ಲಿ ಅದರೊಡನೆ ಕೂಡಿತು. ಧಾರವಾಡದಲ್ಲಿ ಹಾಕಿದ ಕಾಗದ ಸೂರತ್ತಿಗೆ ಬಂದರೆ ರಾಜ್ಯವನ್ನು ದಾಟಿದಂತಾಗುತ್ತಿರಲಿಲ್ಲ. ಆದರೂ ಲಿಪಿಯನ್ನು ದಾಟಲೇಬೇಕಾಗಿತ್ತು. ಒಳಗಿನ ಕಾಗದ ಕನ್ನಡದಲ್ಲಿ, ಹೊರಗಿನ ವಿಳಾಸ ಇಂಗ್ಲಿಷಿನಲ್ಲಿ. ತಂತಿಯದಂತೂ ಇನ್ನೂ ಬಿಗಿ. ಮೋರ್ಸನ ಸಂಕೇತದಲ್ಲಿದ್ದುದು ಇಪ್ಪತ್ತಾರು ರೋಮನ್ ಅಕ್ಷರಗಳು, ಅಂಕಿಗಳು, ಕೆಲವು ಚಿಹ್ನೆಗಳು, ಅಷ್ಟೆ. ೧೯೪೯ರಲ್ಲಿ ದೇವನಾಗರಿಯ ತಂತಿ ಮೊದಲಾಯಿತು. ಆದರೆ ಕನ್ನಡಿಗರ ಮನೆಯ ಹುಟ್ಟು-ಸಾವಿನ ಸುದ್ದಿಗಳು ಬಹುಮಟ್ಟಿಗೆ ರೋಮನ್ ಅಕ್ಷರಗಳ ಇಕ್ಕಟ್ಟಿನಲ್ಲಿಯೇ ನುಸುಳಿ ಬಂದವು. ಆ ಅಕ್ಷರಗಳಲ್ಲಿ ಹಳ್ಳಿಗೂ ಹಲ್ಲಿಗೂ ಭೇದವಿಲ್ಲ; ಕೊಡು ಎಂಬುದಕ್ಕೂ ಕೋಡು ಎಂಬುದಕ್ಕೂ ಭೇದವಿಲ್ಲ. ೨೦೧೩ರ ಜುಲೈಯಲ್ಲಿ ನಮ್ಮ ದೇಶದ ತಂತಿ ಸೇವೆ ಮುಗಿದಾಗ ಹಿರಿಯರು ನಿಟ್ಟುಸಿರು ಬಿಟ್ಟರು; ಆದರೆ ಅದರೊಡನೆ ಆ ಇಕ್ಕಟ್ಟು ಮುಗಿಯಲಿಲ್ಲ.

ಅಂಚೆಯವರು ಒಂದು ಜಾಣ ದಾರಿ ಕಂಡುಕೊಂಡರು. ೧೯೭೨ರ ಆಗಸ್ಟ್ ೧೫ರಂದು ಪಿನ್ ಕೋಡು ಜಾರಿಗೆ ಬಂತು. ಇದನ್ನು ರೂಪಿಸಿದವರು ಅಂಚೆ ಇಲಾಖೆಯ ಅಧಿಕಾರಿ, ಸಂಸ್ಕೃತ ಪಂಡಿತ ಶ್ರೀರಾಮ ಭಿಕಾಜಿ ವೇಲಣಕರರು. ಆರು ಅಂಕಿಗಳು. ೩೮೦ ಎಂದು ತೊಡಗಿದರೆ ಅಹಮದಾಬಾದು, ೩೯೦ ವಡೋದರಾ, ೩೯೫ ಸೂರತ್ತು. ಅತ್ತ ೫೬೦ ಬೆಂಗಳೂರು, ೫೮೦ ಧಾರವಾಡ. ಊರಿನ ಹೆಸರನ್ನು ಯಾವ ಲಿಪಿಯಲ್ಲಿ ಬರೆದರೂ ಅಂಕಿ ಕಾಗದವನ್ನು ಮುಟ್ಟಿಸುತ್ತದೆ. ಹೆಸರುಗಳಾದರೋ ರೋಮನ್ನಿನಲ್ಲಿ ಬದಲಾಗುತ್ತಲೇ ಇವೆ. ೧೯೭೪ರಲ್ಲಿ ಬರೋಡವು ವಡೋದರಾ ಆಯಿತು. ೨೦೧೪ರ ರಾಜ್ಯೋತ್ಸವದಂದು ಕರ್ನಾಟಕದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದವರಿಗೆ ಮಾತ್ರ ಏನೂ ಬದಲಾಗಲಿಲ್ಲ. ಲಿಪಿಯ ಭೇದವನ್ನು ಅಂಕಿಯಿಂದ ದಾಟುವುದು ಎಂಬ ಈ ಉಪಾಯವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅದರ ವಿಸ್ತಾರವೇ.

ನಡುವೆ ಒಂದು ಹೆಮ್ಮೆಯ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾಗದು. ಉಡುಪಿಯ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರು ವಿಕ್ರಮ ಸಾರಾಭಾಯಿಯವರ ಶಿಷ್ಯರಾಗಿ ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ದುಡಿದರು. ೧೯೭೫ರ ಏಪ್ರಿಲಿನಲ್ಲಿ ಆರ್ಯಭಟ ಉಪಗ್ರಹ ಅವರ ನೇತೃತ್ವದಲ್ಲಿ ಮೇಲೇರಿತು. ಅದೇ ವರ್ಷ ಆಗಸ್ಟ್ ೧ರಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ಮೂಲಕ, ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸುವ ಸೈಟ್ ಎಂಬ ಪ್ರಯೋಗ ನಡೆಯಿತು. ಅಹಮದಾಬಾದಿನ ಭೂಕೇಂದ್ರದಿಂದ ಚಿತ್ರ ಮೇಲಕ್ಕೆ ಹೋಗಿ, ಕರ್ನಾಟಕದ ಹಳ್ಳಿಗಳಲ್ಲಿ ಇಳಿಯುತ್ತಿತ್ತು. ಆಂಧ್ರಕ್ಕೂ ಕರ್ನಾಟಕಕ್ಕೂ ಒಂದೇ ಚಿತ್ರ, ಅದರೊಡನೆ ಎರಡು ಧ್ವನಿಗಳು: ಒಂದು ತೆಲುಗು, ಒಂದು ಕನ್ನಡ. ಸಾಗಿಸುವ ಸಾಧನವೊಂದಾದರೂ ಭಾಷೆಗಳು ಕಲಸಿಹೋಗದಂತೆ ಬೇರೆ ಬೇರೆ ಗುರುತು ಕೊಡಬಹುದು ಎಂಬುದು ನಾವು ಬದುಕುವ ಊರಿನಿಂದಲೇ ಹೀಗೆ ಸಿದ್ಧವಾಯಿತು.

ಅಕ್ಷರದ ವಿಷಯದಲ್ಲಿ ಅದು ಸಿದ್ಧವಾಗಲು ಇನ್ನೂ ಕಾಲ ಹಿಡಿಯಿತು. ಗಣಕಯಂತ್ರಕ್ಕೆ ಅಕ್ಷರವೆಂದರೆ ಒಂದು ಅಂಕಿ. ೧೯೬೩ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಪಟ್ಟಿ ಸಿದ್ಧವಾಯಿತು. ಅದರಲ್ಲಿ ೧೨೮ ಸ್ಥಾನಗಳು. ಇಂಗ್ಲಿಷಿಗೆ ಸಾಕು, ಬೇರಾರಿಗೂ ಇಲ್ಲ. ನಮ್ಮವರು ಮೊದಲು ಮಾಡಿದ್ದು ಒಂದು ಬಗೆಯ ವೇಷ: ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸುವುದು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ಬರಹವೂ, ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿಯೂ ಸಾವಿರಾರು ಕನ್ನಡಿಗರ ಕೈಗೆ ಬೆರಳಚ್ಚು ಕೊಟ್ಟ ಉಪಕಾರ ಸಣ್ಣದಲ್ಲ. ಆದರೆ ಆ ಕಾಲದ ಅಚ್ಚಿನ ಮೊಳೆಗಳಿಲ್ಲದ ಯಂತ್ರದಲ್ಲಿ ತೆರೆದರೆ ಕಂಡದ್ದು ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಗೋಜಲು. ವೇಷ ಕಳಚಿದೊಡನೆ ಪಾತ್ರವೇ ಮಾಯ.

ಅದರ ಜೊತೆಗೆ ನೇರವಾದ ದಾರಿಯೊಂದೂ ಸಿದ್ಧವಾಗುತ್ತಿತ್ತು. ಭಾರತದ ಲಿಪಿಗಳೆಲ್ಲ ಬ್ರಾಹ್ಮಿಯ ಮಕ್ಕಳು. ವರ್ಣಮಾಲೆಯ ಕ್ರಮ ಒಂದೇ. ಈ ತತ್ತ್ವದ ಮೇಲೆ ೧೯೮೮ರಲ್ಲಿ ಇಸ್ಕಿ ಎಂಬ ಭಾರತೀಯ ಪಟ್ಟಿ ರೂಪುಗೊಂಡು, ೧೯೯೧ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಅಂಗೀಕಾರ ಪಡೆಯಿತು. ಅದೇ ೧೯೯೧ರಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಸಲ್ಲುವ ಯೂನಿಕೋಡ್ ಹೊರಬಂದಾಗ, ನಮ್ಮ ಲಿಪಿಗಳಿಗೆ ಇಸ್ಕಿಯ ಕ್ರಮವನ್ನೇ ಅನುಸರಿಸಿ ಒಂದೊಂದಕ್ಕೂ ೧೨೮ ಮನೆಗಳ ಒಂದೊಂದು ಬೀದಿ ಕೊಟ್ಟಿತು.

ಈ ಬೀದಿಗಳನ್ನು ಗುಜರಾತಿನ ಕನ್ನಡಿಗರು ಕಣ್ಣಾರೆ ನೋಡಬೇಕು. ಗುಜರಾತಿಯ ಬೀದಿ, ಅದರಾಚೆ ಒಡಿಯಾ, ತಮಿಳು, ತೆಲುಗು, ಬಳಿಕ ಕನ್ನಡದ ಬೀದಿ. ಗುಜರಾತಿಯ ‘ಕ’ಕಾರದ ಮನೆ ೨,೭೦೯; ಕನ್ನಡದ ‘ಕ’ಕಾರದ ಮನೆ ೩,೨೨೧. ಅಂತರ ೫೧೨. ‘ಮ’ಕಾರಕ್ಕೂ ‘ಳ’ಕಾರಕ್ಕೂ ಇದೇ ಅಂತರ, ಎರಡು ಬೀದಿಗಳಲ್ಲಿಯೂ ಇರುವ ಅಕ್ಷರವು ಎರಡರಲ್ಲಿಯೂ ಒಂದೇ ಸಾಲಿನ ಮನೆಯಲ್ಲಿದೆ. ಖಾಲಿ ಮನೆಗಳೂ ಅಷ್ಟೇ ಅರ್ಥವತ್ತಾಗಿವೆ. ನಮ್ಮ ಹ್ರಸ್ವ ‘ಎ’, ಹ್ರಸ್ವ ‘ಒ’ ಇರುವ ಕಡೆ ಗುಜರಾತಿಯ ಮನೆ ಬರಿದು; ಬ್ಯಾಂಕು, ಆಫೀಸುಗಳಂಥ ಇಂಗ್ಲಿಷ್ ಸ್ವರಗಳಿಗೆ ಗುಜರಾತಿಯಲ್ಲಿ ಅರ್ಧಚಂದ್ರದ ಅಕ್ಷರಗಳಿರುವ ಕಡೆ ಕನ್ನಡದ ಮನೆ ಬರಿದು. ಇಲ್ಲಿನ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳು ಗುಜರಾತಿ ಅಕ್ಷರದಲ್ಲಿ ಕನ್ನಡ ಬರೆದಾಗ ‘ಕೊಡು’ ‘ಕೋಡು’ ಒಂದೇ ಆಗುವುದೇಕೆ ಎಂಬುದು ಆ ಖಾಲಿ ಮನೆಗಳಿಂದಲೇ ತಿಳಿಯುತ್ತದೆ.

ಇನ್ನು ಜಾಲವಿಳಾಸಕ್ಕೆ ಬರೋಣ. ಟಿಮ್ ಬರ್ನರ್ಸ್-ಲೀ ಅವರು ೧೯೮೯ರಲ್ಲಿ ಜಿನೀವಾದ ಸೆರ್ನ್ ಸಂಸ್ಥೆಯಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮಂಡಿಸಿದರು. ೧೯೯೪ರ ಡಿಸೆಂಬರಿನಲ್ಲಿ ಜಾಲವಿಳಾಸಗಳನ್ನು ಬರೆಯುವ ನಿಯಮ ಪ್ರಕಟವಾಯಿತು. ವಿಳಾಸವು ಯಾವ ಯಂತ್ರದಲ್ಲಿಯೂ ಕೆಡದೆ ಸಾಗಬೇಕೆಂದು ರೋಮನ್ ಅಕ್ಷರ, ಅಂಕಿ, ಕೆಲವೇ ಚಿಹ್ನೆಗಳಿಗೆ ಮಾತ್ರ ಅನುಮತಿ ದೊರೆಯಿತು. ಮಿಕ್ಕದ್ದೆಲ್ಲ ಶೇಕಡಾ ಚಿಹ್ನೆಯ ಬೆನ್ನಿಗೆ ಎರಡು ಅಂಕಿಗಳಾಗಿ ಹೋಗತಕ್ಕದ್ದು. ಬರಿಯ ತೆರಪು ಕೂಡ %೨೦ ಆಗುತ್ತದೆ.

ಆದರೆ ಯಾವ ಅಂಕಿ? ಅದಕ್ಕೆ ಆಗ ಒಮ್ಮತವಿರಲಿಲ್ಲ. ೧೯೯೨ರ ಸೆಪ್ಟೆಂಬರಿನ ಒಂದು ರಾತ್ರಿ ನ್ಯೂಜರ್ಸಿಯ ಉಪಾಹಾರ ಗೃಹವೊಂದರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಎಂಬಿಬ್ಬರು ತಟ್ಟೆಯ ಕೆಳಗಿನ ಕಾಗದದ ಮೇಲೆ ಗೀಚಿದ ಯುಟಿಎಫ್-೮ ಎಂಬ ಕಟ್ಟು, ಯೂನಿಕೋಡಿನ ಮನೆಸಂಖ್ಯೆಯನ್ನು ಒಂದರಿಂದ ನಾಲ್ಕು ತುಂಡುಗಳಾಗಿ ಸಾಗಿಸುತ್ತದೆ. ೨೦೦೫ರ ಜನವರಿಯ ಪರಿಷ್ಕೃತ ನಿಯಮವು ಹೊಸ ವಿಳಾಸಪದ್ಧತಿಗಳಿಗೆ ಇದನ್ನೇ ವಿಧಿಸಿತು. ಅದರಂತೆ ಕನ್ನಡದ ‘ಕ’ ಮೂರು ತುಂಡುಗಳಾಗುತ್ತದೆ. ಹದಿನಾರರ ಎಣಿಕೆಯಲ್ಲಿ, ರೋಮನ್ ಅಕ್ಷರಗಳ ಹೆಸರನ್ನು ಕನ್ನಡದಲ್ಲಿ ಬರೆದು ಹೇಳುವುದಾದರೆ: %ಇ೦%ಬಿ೨%೯೫. ಗುಜರಾತಿಯ ‘ಕ’ ಹೀಗೆ: %ಇ೦%ಎಎ%೯೫. ತಲೆ ಒಂದೇ, ಕಾಲು ಒಂದೇ. ನಡುವಿನ ತುಂಡೊಂದೇ ಬೇರೆ. ಗುಜರಾತಿನಲ್ಲಿ ನೆಲೆಸಿದ ಕನ್ನಡಿಗನ ಸ್ಥಿತಿಯನ್ನೇ ಯಂತ್ರ ಅಂಕಿಯಲ್ಲಿ ಬರೆದಿಟ್ಟಂತಿದೆ.

ಇದಕ್ಕೆ ತೆರುವ ಬೆಲೆ ಉದ್ದ. ‘ಕನ್ನಡ’ ಎಂಬಲ್ಲಿ ಯಂತ್ರದ ಲೆಕ್ಕಕ್ಕೆ ಐದು ಘಟಕಗಳು: ಕ, ನ, ಹಲಂತದ ಚಿಹ್ನೆ, ನ, ಡ. ಒಂದೊಂದಕ್ಕೆ ಮೂರು ತುಂಡು, ತುಂಡೊಂದಕ್ಕೆ ಮೂರು ಚಿಹ್ನೆ; ಒಟ್ಟು ೪೫. ‘ಅಹಮದಾಬಾದ್’ ಎಂದು ಬರೆದರೆ ೮೧. ೨೦೦೩ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯದ ಪುಟವೊಂದರ ಕೊಂಡಿಯನ್ನು ಅಜ್ಜಿ ಮೊಮ್ಮಗನಿಗೆ ಕಳಿಸಿದಾಗ ಅದು ಒಮ್ಮೊಮ್ಮೆ ಶೇಕಡಾ ಚಿಹ್ನೆಗಳ ಉದ್ದನೆಯ ಸರಮಾಲೆಯಾಗಿ ಬರುವುದು ಈ ಕಾರಣದಿಂದ. ಅದು ಕೆಟ್ಟ ವಿಳಾಸವಲ್ಲ. ಪ್ರಯಾಣದ ಉಡುಪು ಹಾಕಿದ ಕನ್ನಡ.

ಕೆಡುವುದು ಬೇರೆ ಕಡೆ. ಇಂದು ನಾವು ರೈಲಿನ ಟಿಕೆಟಿಗೋ ನಕ್ಷೆಗೋ ಪುಸ್ತಕದಂಗಡಿಗೋ ಫೋನಿನಲ್ಲಿ ಕೈಯಿಟ್ಟಾಗ, ತೆರೆಯ ಹಿಂದೆ ಒಂದು ಯಂತ್ರ ಇನ್ನೊಂದನ್ನು ಕೇಳಿ ಉತ್ತರ ತರುತ್ತದೆ. ಇದಕ್ಕೆ ಜಾಲಸೇವೆಯೆಂದು ಹೆಸರು. ಆ ಉತ್ತರದೊಳಗೆ ಎಷ್ಟೋ ವೇಳೆ ಜಾಲವಿಳಾಸಗಳಿರುತ್ತವೆ. ವಿಳಾಸದಲ್ಲಿ ಕೆಲವು ಚಿಹ್ನೆಗಳು ಅಧಿಕಾರಿಗಳು: ಓರೆಗೆರೆ ಭಾಗಗಳನ್ನು ಬೇರ್ಪಡಿಸುತ್ತದೆ, ಪ್ರಶ್ನಾರ್ಥಕ ಚಿಹ್ನೆಯ ಮುಂದೆ ವಿಚಾರಣೆ ತೊಡಗುತ್ತದೆ, & ಚಿಹ್ನೆ ಒಂದು ವಿಚಾರಣೆಯನ್ನು ಇನ್ನೊಂದರಿಂದ ತುಂಡರಿಸುತ್ತದೆ. ‘ಹುಬ್ಬಳ್ಳಿ & ಧಾರವಾಡ’ ಎಂಬ ಹೆಸರನ್ನು ಹಾಗೆಯೇ ವಿಚಾರಣೆಯಲ್ಲಿ ತುರುಕಿದರೆ ಯಂತ್ರ ಹುಬ್ಬಳ್ಳಿಯಲ್ಲಿಯೇ ನಿಂತುಬಿಡುತ್ತದೆ; ಧಾರವಾಡ ಅದರ ಪಾಲಿಗೆ ಬೇರೊಂದು ಪ್ರಶ್ನೆ. ಆದ್ದರಿಂದ ಹೆಸರಿನೊಳಗಿನ ಚಿಹ್ನೆಯನ್ನು %೨೬ ಎಂದು ಕಟ್ಟಿ ಕಳಿಸಬೇಕು. ಭಾಗಗಳನ್ನು ಒಂದೊಂದಾಗಿ ಕಟ್ಟಿ ಆಮೇಲೆ ವಿಳಾಸವನ್ನು ಜೋಡಿಸಬೇಕೇ ಹೊರತು, ಜೋಡಿಸಿದ ಮೇಲೆ ಒಟ್ಟಿಗೆ ಕಟ್ಟಕೂಡದು. ಹಾಗೆ ಕಟ್ಟಿದರೆ ಅಧಿಕಾರಿಯೂ ಪ್ರಯಾಣಿಕನೂ ಒಂದೇ ಆಗಿಬಿಡುತ್ತಾರೆ.

ಎರಡನೆಯ ಕೇಡು ಎರಡು ಸಲ ಕಟ್ಟುವುದು. ಈಗಾಗಲೇ ಕಟ್ಟಿದ ವಿಳಾಸವನ್ನು ತಿಳಿಯದೆ ಮತ್ತೆ ಕಟ್ಟಿದರೆ ಶೇಕಡಾ ಚಿಹ್ನೆಯೇ %೨೫ ಆಗುತ್ತದೆ. ೪೫ ಚಿಹ್ನೆಗಳ ‘ಕನ್ನಡ’ ಆಗ ೭೫ ಆಗುತ್ತದೆ. ಮತ್ತೊಮ್ಮೆ ಕಟ್ಟಿದರೆ ೧೦೫. ತೆರೆಯುವವನು ಒಮ್ಮೆ ಮಾತ್ರ ಬಿಚ್ಚುತ್ತಾನೆ. ಒಳಗೆ ಸಿಕ್ಕುವುದು ಕನ್ನಡವಲ್ಲ, ಇನ್ನೊಂದು ಲಕೋಟೆ. ಇದಲ್ಲದೆ ಜಾಲಸೇವೆಯೂ ಉತ್ತರವನ್ನು ತನ್ನದೇ ಲಕೋಟೆಯಲ್ಲಿಡುತ್ತದೆ: ಎಕ್ಸ್‌ಎಂಎಲ್ ಎಂಬ ಬಗೆಯಲ್ಲಿ & ಚಿಹ್ನೆಗೆ ಬೇರೆಯೇ ರೂಪ ಕೊಡಬೇಕು; ಜೇಸನ್ ಎಂಬುದರಲ್ಲಿ ಕನ್ನಡದ ಅಕ್ಷರ ತನ್ನ ಮನೆಸಂಖ್ಯೆಯಾಗಿಯೇ ಬಂದರೂ ಬರಬಹುದು. ಹೊರಗಿನ ಲಕೋಟೆಯನ್ನು ಮೊದಲು, ಒಳಗಿನದನ್ನು ಬಳಿಕ, ಒಂದೊಂದನ್ನೂ ಒಂದೇ ಸಲ ಬಿಚ್ಚಬೇಕು. ಕೆಲಸ ಬಲ್ಲವರಿಗೆ ಇದು ಕಷ್ಟದ್ದಲ್ಲ. ಆದರೆ ಇಂಗ್ಲಿಷಿನ ಹೆಸರುಗಳನ್ನು ಮಾತ್ರ ಹಾಕಿ ಪರೀಕ್ಷಿಸಿದರೆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಮೂರನೆಯ ಕೇಡು ಕನ್ನಡದ್ದೇ. ‘ವಡೋದರಾ’ ಎಂಬಲ್ಲಿನ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಘಟಕವಾಗಿಯೂ ಬರೆಯಬಹುದು. ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ; ವಿಳಾಸದಲ್ಲಿ ಮೊದಲನೆಯದು ೫೪ ಚಿಹ್ನೆ, ಎರಡನೆಯದು ೭೨. ಹಾಗೆಯೇ ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ನಾವು ಜಕಾರದ ಮುಂದೆ ಕಣ್ಣಿಗೆ ಕಾಣದ ಒಂದು ಘಟಕವನ್ನು ಇಡುತ್ತೇವೆ. ಅದಿಲ್ಲದಿದ್ದರೆ ‘ರಾಜ್ಕುಮಾರ್’ ಎಂದು ಒತ್ತು ಬೀಳುತ್ತದೆ. ಯಂತ್ರಕ್ಕೆ ಇವು ಎರಡು ಬೇರೆ ಹೆಸರುಗಳು. ಹೋಲಿಸುವ ಮೊದಲು ಎಲ್ಲವನ್ನೂ ಒಂದು ರೂಪಕ್ಕೆ ತರುವ ನಿಯಮ ಯೂನಿಕೋಡಿನಲ್ಲಿಯೇ ಉಂಟು. ಆ ನಿಯಮವು ಓತ್ವದ ಭೇದವನ್ನು ಸರಿಪಡಿಸುತ್ತದೆ. ಕಾಣದ ಘಟಕವನ್ನು ಮಾತ್ರ ಹಾಗೆಯೇ ಬಿಡುತ್ತದೆ, ಅದರ ಮೇಲೆ ನಾವೇ ಕಣ್ಣಿಡಬೇಕು.

ವಿಳಾಸದ ಮೊದಲ ಭಾಗವಾದ ಜಾಲದ ಹೆಸರಿಗೆ ಶೇಕಡಾ ಕಟ್ಟು ಸಲ್ಲುವುದಿಲ್ಲ. ಅದಕ್ಕೆ ೨೦೦೩ರಲ್ಲಿ ಪ್ಯುನಿಕೋಡ್ ಎಂಬ ಬೇರೆ ಕಟ್ಟು ಬಂತು. ಅದರ ಬಲದಿಂದ ನಮ್ಮ ದೇಶದ ಹೆಸರು ದೇಶದ ಲಿಪಿಗಳಲ್ಲಿಯೇ ಜಾಲವಿಳಾಸದ ಕೊನೆಗೆ ಬಂದಿತು. ಮೊದಲ ತಂಡದ ಏಳು ರೂಪಗಳಲ್ಲಿ ಗುಜರಾತಿಯ ‘ಭಾರತ’ ಇತ್ತು, ಕನ್ನಡದ ‘.ಭಾರತ’ ಅನಂತರದ ತಂಡದಲ್ಲಿ ಬಂತು. ತಡವಾದರೂ ಬಂದಿತೆಂಬುದು ಸಮಾಧಾನದ ಮಾತು.

ಇಷ್ಟೆಲ್ಲ ಯಂತ್ರದ ಸೂಕ್ಷ್ಮ ನಮಗೇಕೆ, ಅದನ್ನು ಬಲ್ಲವರು ನೋಡಿಕೊಳ್ಳಲಿ ಎಂದು ಹಿರಿಯರು ಕೇಳಬಹುದು. ಕಾರಣ ಉಂಟು. ಪರನಾಡಿನಲ್ಲಿ ಬೆಳೆಯುವ ಮಗುವಿಗೆ ಕನ್ನಡದ ಓದು ಬೀದಿಯಲ್ಲಿ ಸಿಗದು, ಶಾಲೆಯಲ್ಲಿ ಸಿಗದು. ಮನೆಯಲ್ಲಿ, ಸಂಘದಲ್ಲಿ, ಈಗ ಅಂಗೈಯ ಫೋನಿನಲ್ಲಿ ಸಿಗಬೇಕು. ಅಜ್ಜಿ ಕಳಿಸಿದ ಕನ್ನಡದ ಕೊಂಡಿ ಎರಡು ಸಲ ತೆರೆಯದೆ ಹೋದರೆ ಮಗು ಯಂತ್ರವನ್ನು ದೂರುವುದಿಲ್ಲ. ಕನ್ನಡದಲ್ಲಿ ಇವೆಲ್ಲ ಆಗುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತದೆ. ಹೆಸರನ್ನು ಕನ್ನಡದಲ್ಲಿ ತುಂಬಿದಾಗ ಅರ್ಜಿಯ ಪುಟ ಅದನ್ನು ಪ್ರಶ್ನಾರ್ಥಕ ಚಿಹ್ನೆಗಳನ್ನಾಗಿ ಮಾಡಿ ತೋರಿಸಿದರೆ, ತಂದೆತಾಯಿಗಳೂ ಮರುಸಲ ಯತ್ನಿಸುವುದಿಲ್ಲ. ತಪ್ಪು ಅಕ್ಷರದ್ದಲ್ಲ, ಕಟ್ಟುವ ಕೈಯದು ಎಂದು ಹೇಳಿಕೊಡಲು ಮನೆಯಲ್ಲೊಬ್ಬರಿಗಾದರೂ ಈ ಇತಿಹಾಸ ಗೊತ್ತಿರಬೇಕು.

ನಮ್ಮ ಮೂರು ನಗರಗಳ ಕನ್ನಡ ಮನೆಗಳಲ್ಲಿ ಗಣಕದ ಕೆಲಸ ಬಲ್ಲ ಯುವಕ-ಯುವತಿಯರಿಗೆ ಕೊರತೆಯಿಲ್ಲ. ಸಂಘದ ಸದಸ್ಯರ ಪಟ್ಟಿ, ವಾಚನಾಲಯದ ಪುಸ್ತಕಗಳ ಪಟ್ಟಿ, ಹಳೆಯ ಸಂಚಿಕೆಗಳ ಪುಟಗಳು ಇವನ್ನು ಅವರು ಜಾಲಕ್ಕೇರಿಸುವಾಗ ಮೂರು ಮಾತುಗಳನ್ನು ನಡೆಸಿಕೊಡಲೆಂಬುದು ನಮ್ಮ ಕೋರಿಕೆ. ಹಳೆಯ ವೇಷದ ಅಕ್ಷರಗಳಲ್ಲಿರುವ ಬರಹಗಳನ್ನು ಯೂನಿಕೋಡಿಗೆ ಮಾರ್ಪಡಿಸಲಿ. ಇಲ್ಲವಾದರೆ ಇನ್ನು ಕೆಲವೇ ವರ್ಷಗಳಲ್ಲಿ ಅವನ್ನು ಓದುವ ಯಂತ್ರ ಸಿಗದು. ಪುಟಗಳಿಗೆ ಕನ್ನಡದ ಹೆಸರಿಡಲು ಅಂಜದಿರಲಿ. ಹೊಸದಾಗಿ ಕಟ್ಟಿದ ಯಾವ ಪುಟವನ್ನೂ ‘ವಡೋದರಾ’, ‘ಹುಬ್ಬಳ್ಳಿ & ಧಾರವಾಡ’, ‘ರಾಜ್‌ಕುಮಾರ್’ ಎಂಬ ಹೆಸರುಗಳನ್ನು ಹಾಕಿ ನೋಡದೆ ಬಳಕೆಗೆ ಬಿಡದಿರಲಿ. ಈ ಮೂರೂ ಸರಿಯಾಗಿ ಹೋಗಿ ಸರಿಯಾಗಿ ಮರಳಿದರೆ ಮಿಕ್ಕ ಕನ್ನಡದ ಹೆಸರುಗಳು ದಾರಿ ತಪ್ಪುವ ಭಯ ಬಹುಮಟ್ಟಿಗೆ ತೀರಿತು.

ಕರ್ಕ ಸುವರ್ಣವರ್ಷನು ವಟಪದ್ರಕದ ಎಲ್ಲೆಗಳನ್ನು ತಾಮ್ರದಲ್ಲಿ ಕೊರೆಯಿಸಿದ್ದರಿಂದ ಆ ಹಳ್ಳಿಯ ಹೆಸರು ಇಂದಿಗೂ ನಮಗೆ ತಿಳಿದಿದೆ. ನಮ್ಮ ಮನೆಗಳ, ಹಿರಿಯರ, ಊರುಗಳ ಹೆಸರುಗಳನ್ನು ನಮ್ಮ ಅಕ್ಷರದಲ್ಲಿಯೇ, ಹಳ್ಳಿಯನ್ನು ಹಳ್ಳಿಯೆಂದೇ, ಮುಂದಿನವರ ಕೈಗೆ ಮುಟ್ಟಿಸುವ ಸಾಧನ ಈಗ ನಮ್ಮಲ್ಲಿದೆ. ಈ ರಾಜ್ಯೋತ್ಸವದಂದು ಮನೆಗೆ ಮರಳಿದ ಮೇಲೆ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ತಮ್ಮ ತಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕಿಸಿರೆಂದು ಎಲ್ಲ ಬಂಧುಗಳಲ್ಲಿ ನಮ್ಮ ವಿನಂತಿ.